ಮರದಲ್ಲಿ ಕಡಲು ಕಂಡ ಬಿಲ್ ರೀಡ್

ದೊಡ್ಡ ಕಾಗೆಯೊಂದು ಕಪ್ಪೆಚಿಪ್ಪಿನ ಮೇಲೆ ರೆಕ್ಕೆ ಹರಡಿ ಕೂತಿದೆ. ಬಾಯ್ದೆರೆದ ಚಿಪ್ಪಿನೊಳಗಿಂದ ಪುಟ್ಟ ಮನುಷ್ಯರು ಇಣುಕುತ್ತಿದ್ದಾರೆ. ಕೆಲವರಿಗೆ ಹೊರಬರುವ ತವಕ, ಒಬ್ಬನಿಗೆ ಒಳಗೇ ನುಸುಳಿಕೊಳ್ಳುವ ಆತುರ. ಇಷ್ಟೆಲ್ಲ ಇರುವುದು ಸುಮಾರು 7 ಸೆಂ.ಮೀ. ಎತ್ತರದ ಬಾಕ್ಸ್‌ವುಡ್ ತುಂಡಿನಲ್ಲಿ. ಮೊದಲ ಮನುಷ್ಯರು ಸಿಕ್ಕಿದ್ದು ಕಡಲ ದಂಡೆಯ ಚಿಪ್ಪಿನಲ್ಲಿ ಎನ್ನುತ್ತದೆ ಕೆನಡಾದ ಹೈಡಾ ಜನರ ಪುರಾಣ. ಅದನ್ನು 1970ರಲ್ಲಿ ಹೀಗೆ ಕೆತ್ತಿದವರು ಬಿಲ್ ರೀಡ್.

ರೀಡ್ ಹುಟ್ಟಿದ್ದು 1920ರಲ್ಲಿ, ವಿಕ್ಟೋರಿಯಾ ನಗರದಲ್ಲಿ. ತಾಯಿ ಹೈಡಾ, ತಂದೆ ಅಮೆರಿಕದವರು. ತಾಯಿಯ ಕುಲದ ಕಲೆಯ ಪರಿಚಯವಿಲ್ಲದೆ ಬೆಳೆದ ಅವರು ಹೊಟ್ಟೆಪಾಡಿಗೆ ರೇಡಿಯೊ ಉದ್ಘೋಷಕರಾದರು. ಅಜ್ಜ ಚಾರ್ಲ್ಸ್ ಗ್ಲ್ಯಾಡ್‌ಸ್ಟೋನ್ ಮಾತ್ರ ಕೆತ್ತನೆಗಾರ; ಪ್ರಸಿದ್ಧ ಹೈಡಾ ಶಿಲ್ಪಿ ಚಾರ್ಲ್ಸ್ ಎಡೆನ್‌ಶಾ ಅವರ ಸೋದರಳಿಯ. ಆ ಹೊತ್ತಿಗೆ ಹೈಡಾ ಕಲೆಯೇ ಕೊನೆಯುಸಿರು ಎಳೆಯುತ್ತಿತ್ತು. 1862ರ ಸಿಡುಬು ಊರಿಗೆ ಊರನ್ನೇ ಬರಿದಾಗಿಸಿತ್ತು. ಕೆತ್ತಿದ ಕಂಬ ನಿಲ್ಲಿಸಿ ಔತಣ, ದಾನ ಮಾಡುವ 'ಪಾಟ್ಲ್ಯಾಚ್' ಸಮಾರಂಭಗಳಿಗೆ 1885ರಿಂದ 1951ರವರೆಗೆ ಸರ್ಕಾರದ ನಿಷೇಧವಿತ್ತು. ಉಳಿದ ಹಳೆಯ ಕಂಬಗಳನ್ನು ಅಭ್ಯಾಸ ಮಾಡುತ್ತಲೇ ರೀಡ್ ಕಲಿತರು.

ಹೈಡಾ ಜನರ ನೆಲೆಯಾದ ಹೈಡಾ ಗ್ವಾಯ್ ದ್ವೀಪಗಳಲ್ಲಿ ಕಾಡು, ಕಡಲು ಬೇರೆ ಬೇರೆ ಲೋಕಗಳಲ್ಲ. ಸೀಡರ್ ಮರವೇ ಅಲ್ಲಿ ಮನೆ, ಕಂಬ, ದೋಣಿ. ಕಂಬದ ಮೇಲಿನ ಜೀವಿಗಳನ್ನು ಗುರುತಿಸುವುದಕ್ಕೂ ಲಕ್ಷಣಗಳಿವೆ. ಬೆನ್ನ ಮೇಲೆ ಉದ್ದ ರೆಕ್ಕೆ ಎದ್ದಿದ್ದರೆ ಓರ್ಕಾ ತಿಮಿಂಗಿಲ. ಎತ್ತರದ ಹಣೆ, ಕೆಳಗೆ ಬಾಗಿದ ಬಾಯಿ, ಪಕ್ಕದಲ್ಲಿ ಕಿವಿರಿನ ಗೆರೆಗಳಿದ್ದರೆ ಶಾರ್ಕ್ ಜಾತಿಯ ಡಾಗ್‌ಫಿಶ್. 1978ರಲ್ಲಿ ಸ್ಕಿಡಗೇಟ್ ಊರಿನಲ್ಲಿ ರೀಡ್ ನಿಲ್ಲಿಸಿದ ಕಂಬದಲ್ಲಿ ಈ ಡಾಗ್‌ಫಿಶ್ ಇದೆ. ಅವರು ರೂಪಿಸಿದ, ಮೇಲಕ್ಕೆ ನೆಗೆದ ಓರ್ಕಾದ ಕಂಚಿನ ಪ್ರತಿಮೆ 1984ರಿಂದ ವ್ಯಾಂಕೂವರ್ ಮತ್ಸ್ಯಾಗಾರದ ಮುಂದಿದೆ.

ಅಂಗೈಯಗಲದ ಆ ಚಿಪ್ಪು ಮುಂದೆ ಆಳೆತ್ತರಕ್ಕೆ ಬೆಳೆಯಿತು. ಹಳದಿ ಸೀಡರ್‌ನ 106 ತೊಲೆಗಳನ್ನು ಅಂಟಿಸಿ ಮಾಡಿದ ದಿಮ್ಮಿಯಲ್ಲಿ ಕೆತ್ತಿದ ಈ ಶಿಲ್ಪ 1980ರಲ್ಲಿ ವ್ಯಾಂಕೂವರ್‌ನ ಮಾನವಶಾಸ್ತ್ರ ಸಂಗ್ರಹಾಲಯದಲ್ಲಿ ಅನಾವರಣಗೊಂಡಿತು. ಪಾರ್ಕಿನ್ಸನ್ ಕಾಯಿಲೆಯಿಂದ ರೀಡ್ ಅವರ ಕೈ ನಡುಗುತ್ತಿದ್ದುದರಿಂದ ಕಿರಿಯ ಶಿಲ್ಪಿಗಳೂ ಉಳಿ ಹಿಡಿದರು.

1986ರ ವ್ಯಾಂಕೂವರ್ ಎಕ್ಸ್‌ಪೊಗಾಗಿ ರೂಪುಗೊಂಡ 'ಲೂ ಟಾಸ್' ದೋಣಿ ಒಂದೇ ಸೀಡರ್ ಮರದ್ದು, ಸುಮಾರು 50 ಅಡಿ ಉದ್ದ. ಇಂಥ ದೋಣಿ ಮಾಡುವಾಗ ದಿಮ್ಮಿಯನ್ನು ಬಾಚಿಯಿಂದ ಕೊರೆದು, ಒಳಗೆ ನೀರು ತುಂಬಿ, ಕಾದ ಕಲ್ಲು ಹಾಕುತ್ತಾರೆ. ಆವಿಗೆ ಮೆದುವಾದ ಗೋಡೆಗಳನ್ನು ಅಗಲಿಸಿದರೆ ದೋಣಿ ಮೂಲ ಮರಕ್ಕಿಂತಲೂ ಅಗಲವಾಗುತ್ತದೆ. 1998ರಲ್ಲಿ ರೀಡ್ ಅವರ ಚಿತಾಭಸ್ಮ ತಾಯಿಯ ಪೂರ್ವಿಕರ ಊರಾದ 'ತಾನೂ'ವನ್ನು ಸೇರಿದ್ದು ಇದೇ ದೋಣಿಯಲ್ಲಿ.

ಇಷ್ಟು ದೊಡ್ಡ ಮರಗಳು ಸಿಗುವುದು ಹಳೆಯ ಕಾಡಿನಲ್ಲಷ್ಟೇ. ಲೂ ಟಾಸ್ ರೂಪುಗೊಂಡದ್ದು ದ್ವೀಪಗಳ ಕಾಡು ಕಡಿಯುವುದನ್ನು ಹೈಡಾ ಜನ ರಸ್ತೆಗೆ ಅಡ್ಡ ಕೂತು ತಡೆಯುತ್ತಿದ್ದ ಕಾಲದಲ್ಲಿ. ವಾಷಿಂಗ್ಟನ್‌ನ ಕೆನಡಾ ರಾಯಭಾರ ಕಚೇರಿಗಾಗಿ ಮಾಡುತ್ತಿದ್ದ ಬೃಹತ್ ಶಿಲ್ಪದ ಕೆಲಸವನ್ನು ರೀಡ್ 1987ರಲ್ಲಿ ಪ್ರತಿಭಟನೆಯಾಗಿ ನಿಲ್ಲಿಸಿಬಿಟ್ಟರು. ಅದೇ ವರ್ಷ ಜುಲೈನಲ್ಲಿ, ಇಂದು ಗ್ವಾಯ್ ಹಾನಸ್ ಎಂದು ಕರೆಯುವ ಪ್ರದೇಶವನ್ನು ಸಂರಕ್ಷಿಸುವ ಒಪ್ಪಂದಕ್ಕೆ ಸಹಿ ಬಿತ್ತು.

ತಿಮಿಂಗಿಲ, ಮೀನು ಕೆತ್ತುವ ಕಲಾವಿದರು ಹಲವು ಕರಾವಳಿಗಳಲ್ಲಿ ಸಿಗುತ್ತಾರೆ. ಮರ ಕಾಡಿನಲ್ಲೇ ನಿಂತಿರಲಿ ಎಂದು ಕೈಯಲ್ಲಿದ್ದ ಕೆಲಸ ಕೆಳಗಿಟ್ಟವರು ವಿರಳ. ರೀಡ್ ಅವರ ದೊಡ್ಡತನ ಇರುವುದು ಅಲ್ಲಿ.