ಬ್ಯಾಂಕ್ ಹರಾಜಿನ ಮನೆ: ಸವಾಲು ಕೂಗಿದ ಮೇಲೆ ಗಡುವು ತಪ್ಪಬಾರದು



ಸಾಲ ಕಟ್ಟಲಾಗದೆ ಬ್ಯಾಂಕಿನ ವಶಕ್ಕೆ ಹೋದ ಮನೆಗಳ ಹರಾಜು ನೋಟಿಸನ್ನು ಪೇಪರಿನಲ್ಲಿ ನೋಡಿರುತ್ತೀರಿ. "ಅಗ್ಗಕ್ಕೆ ಸಿಗ್ತೈತಂತೆ, ನಾವೂ ಕೂಗಾಣೇನು?" ಎಂದು ಸಂಘದ ಸಭೆಗಳಲ್ಲಿ ಕೇಳುವವರಿದ್ದಾರೆ. ಕೂಗಬಹುದು. ಆದರೆ ಇದು ಊರಲ್ಲಿ ಮನೆ ಕೊಂಡ ಹಾಗಲ್ಲ. ಊರಲ್ಲಿ ಮುಂಗಡ ಕೊಟ್ಟು "ಉಳಿದದ್ದು ಶೇಂಗಾ ಮಾರಿದ ಮೇಲೆ ಕೊಡ್ತೀವಿ" ಎಂದರೆ ಮಾರುವವರು ಒಪ್ಪಬಹುದು. ಬ್ಯಾಂಕಿನಲ್ಲಿ ಆ ಮಾತು ನಡೆಯುವುದಿಲ್ಲ. ಗಡುವು 2002ರ ಸರ್ಫೇಸಿ ಕಾಯ್ದೆಯ ನಿಯಮಗಳಲ್ಲೇ ಬರೆದಿದೆ.

ಒಂದು ಲೆಕ್ಕ ನೋಡೋಣ. ಮನೆಯ ಕನಿಷ್ಠ ಬೆಲೆ 8 ಲಕ್ಷ ಎಂದುಕೊಳ್ಳಿ. ಸವಾಲಿಗೆ ಸೇರಲು ಠೇವಣಿ ಸಾಮಾನ್ಯವಾಗಿ ನೂರಕ್ಕೆ ಹತ್ತು, ಅಂದರೆ 80,000 ರೂಪಾಯಿ. ನೀವು 8,50,000ಕ್ಕೆ ಕೂಗಿ ಗೆದ್ದಿರಿ. ಅದರ ಕಾಲು ಭಾಗ 2,12,500. ಠೇವಣಿ ಕಳೆದು ಉಳಿದ 1,32,500 ರೂಪಾಯಿಯನ್ನು ಅದೇ ದಿನ, ತಪ್ಪಿದರೆ ಮಾರನೆಯ ಕೆಲಸದ ದಿನವೇ ಕಟ್ಟಬೇಕು. ಮಿಕ್ಕ 6,37,500ನ್ನು ಮಾರಾಟ ಖಾಯಂ ಮಾಡಿದ 15ನೇ ದಿನದೊಳಗೆ ಕಟ್ಟಬೇಕು. ಹೆಚ್ಚು ದಿನ ಬೇಕಾದರೆ ಬ್ಯಾಂಕು ಬರವಣಿಗೆಯಲ್ಲೇ ಒಪ್ಪಬೇಕು. ಆಗಲೂ ಮೂರು ತಿಂಗಳು ಮೀರುವಂತಿಲ್ಲ. ಮ್ಯಾನೇಜರು "ಆಯ್ತಮ್ಮ, ನೋಡೋಣ" ಎಂದು ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಗಡುವು ತಪ್ಪಿದರೆ ಕಟ್ಟಿದ ಹಣ ಮುಟ್ಟುಗೋಲಾಗುತ್ತದೆ, ಮನೆ ಮತ್ತೆ ಹರಾಜಿಗೆ ಹೋಗುತ್ತದೆ. ಇದು ಬರೀ ಹೆದರಿಕೆಯ ಮಾತಲ್ಲ. ತಮಿಳುನಾಡಿನ ಒಂದು ಪ್ರಕರಣದಲ್ಲಿ 12.27 ಕೋಟಿಗೆ ಕೂಗಿದವರು ಕಾಲು ಭಾಗ, ಸುಮಾರು 3.06 ಕೋಟಿ ಕಟ್ಟಿ, ಉಳಿದದ್ದನ್ನು ಕಟ್ಟಲಾಗಲಿಲ್ಲ. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಪೂರ್ತಿ ಕಾಲು ಭಾಗವನ್ನು ಬ್ಯಾಂಕು ಮುಟ್ಟುಗೋಲು ಹಾಕಿಕೊಂಡದ್ದು ಸರಿ ಎಂದಿತು. ನಮ್ಮ ಲೆಕ್ಕದಲ್ಲಾದರೆ 2,12,500 ರೂಪಾಯಿ. ಒಂದು ಸಂಘದ ಎಷ್ಟು ವರ್ಷದ ಉಳಿತಾಯ ಅದು!

ಆದ್ದರಿಂದ ಹಣದ ದಾರಿ ಸವಾಲಿಗೆ ಮೊದಲೇ ಗೊತ್ತಿರಬೇಕು. ಮನೆ ಸಾಲ ನಂಬಿಕೊಂಡಿದ್ದರೆ ಮಂಜೂರಾತಿ ಪತ್ರ ಕೈಯಲ್ಲಿರಲಿ. 15 ದಿನದಲ್ಲಿ ಅರ್ಜಿ, ವಕೀಲರ ವರದಿ, ಬೆಲೆ ಕಟ್ಟುವುದು ಎಲ್ಲಾ ಮುಗಿಯುವುದು ಕಷ್ಟ. ಇನ್ನೊಂದು ತೊಡಕೂ ಇದೆ: ಪೂರ್ತಿ ಹಣ ಕಟ್ಟಿದ ಮೇಲಷ್ಟೇ ಮಾರಾಟದ ಪ್ರಮಾಣಪತ್ರ ಸಿಗುತ್ತದೆ, ಸಾಲ ಕೊಡುವವರು ಮೊದಲು ಪತ್ರ ಕೇಳಬಹುದು. ಹರಾಜು ಹಾಕುವ ಬ್ಯಾಂಕೇ ಸಾಲ ಕೊಡುತ್ತದೆಯೇ ಎಂದು ಮೊದಲೇ ವಿಚಾರಿಸಿ. ಸಂಘದಿಂದ ಹಣ ತೆಗೆಯುವುದಾದರೆ ಸಭೆ ಕರೆದು ಠರಾವು ಬರೆಯಬೇಕು, ಪ್ರತಿನಿಧಿಗಳ ಸಹಿ ಬೇಕು. ಸಹಿ ಹಾಕುವ ಅಕ್ಕ ಆ ವಾರ ಮಗಳ ಬಾಣಂತನಕ್ಕೆ ಹೋಗಿದ್ದರೆ ಗತಿಯೇನು?

ಮನೆಯನ್ನು ಕಣ್ಣಾರೆ ನೋಡಿ. ಬ್ಯಾಂಕಿನ ವಶ ಕಾಗದದ ಮೇಲಷ್ಟೇ ಇದ್ದು, ಒಳಗೆ ಹಳೇ ಮಾಲೀಕರು ಇನ್ನೂ ವಾಸವಿರಬಹುದು. ಋಣಭಾರ ಪತ್ರ, ಮನೆ ಕಂದಾಯ, ಕರೆಂಟು ಬಾಕಿ ವಿಚಾರಿಸಿ. "ಇದ್ದ ಹಾಗೇ" ಎಂಬ ಷರತ್ತಿನ ಮೇಲೆ ಮಾರುವುದರಿಂದ ಬಾಕಿ ನಿಮ್ಮ ತಲೆಗೆ ಬರಬಹುದು.

ಇನ್ನು, ಹರಾಜಿಗೆ ಬಂದದ್ದು ಯಾರದೋ ಸಂಸಾರದ ಮನೆ. ನಮ್ಮ ಸದಸ್ಯೆಯದೇ ಇರಬಹುದು. ಅಂಥವರಿಗೂ ಗಡುವುಂಟು. 60 ದಿನದ ಮೊದಲ ನೋಟಿಸು ಬಂದಾಗಲೇ ಬ್ಯಾಂಕಿಗೆ ಹೋಗಬೇಕು. 2016ರ ತಿದ್ದುಪಡಿಯ ನಂತರ, ಹರಾಜಿನ ಪ್ರಕಟಣೆ ಹೊರಬೀಳುವುದರೊಳಗೆ ಪೂರ್ತಿ ಬಾಕಿ ಕಟ್ಟಿದರೆ ಮಾತ್ರ ಮನೆ ಬಿಡಿಸಿಕೊಳ್ಳುವ ಹಕ್ಕಿದೆ.

ಹಣ ಪೂರ್ತಿ ಕಟ್ಟಿದ ಮೇಲೆ ಪ್ರಮಾಣಪತ್ರ ತೆಗೆದುಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ, ಪಂಚಾಯಿತಿಯಲ್ಲಿ ಖಾತೆ ಬದಲಾಯಿಸಿಕೊಳ್ಳಿ. ಸ್ಟಾಂಪು, ನೋಂದಣಿಯ ಖರ್ಚು ಬೇರೆ. ಅದನ್ನೂ ಮೊದಲೇ ಎತ್ತಿಡಿ.