ಅಬ್ಬನ ಅಂಗಡಿ ಮತ್ತು 40 ಲಕ್ಷದ ಗೆರೆ

ತರಗತಿಯಲ್ಲಿ ಜಿಎಸ್‌ಟಿ ಪಾಠ ಮುಗಿದ ದಿನ ಮನೆಗೆ ಹೋಗಿ ಅಬ್ಬನ ಲೆಕ್ಕದ ಪುಸ್ತಕ ತೆಗೆದೆ. ನಮ್ಮದು ಸಣ್ಣ ಚಪ್ಪಲಿ ಅಂಗಡಿ. "ನಮಗೆಲ್ಲಿ ಅಷ್ಟು ಲಾಭ ಇದೆ ಮಗಾ?" ಎಂದು ಅಬ್ಬ ನಕ್ಕರು.

ತಪ್ಪಾದದ್ದು ಅಲ್ಲೇ. ನೋಂದಣಿಗೆ ನೋಡುವುದು ಲಾಭವನ್ನಲ್ಲ, ಒಟ್ಟು ವಹಿವಾಟನ್ನು. ನಗದು, ಯುಪಿಐ ಎರಡೂ ಸೇರುತ್ತವೆ. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ನೀಡುವವರಿಗೆ 20 ಲಕ್ಷ ರೂಪಾಯಿ ಮಿತಿ. ದಾಟಿದರೆ 30 ದಿನಗಳೊಳಗೆ ಅರ್ಜಿ ಹಾಕಬೇಕು. ನಾವು ದಾಟಿ ನಾಲ್ಕು ತಿಂಗಳಾಗಿತ್ತು!

ತಡವಾದರೆ ನಷ್ಟವೇನು? ನೋಂದಣಿ ಮಂಜೂರಾದ ದಿನದಿಂದಷ್ಟೇ ಜಾರಿಗೆ ಬರುತ್ತದೆ. ತೆರಿಗೆಯ ಹೊಣೆ ಮಾತ್ರ ಮಿತಿ ದಾಟಿದಂದಿನಿಂದಲೇ. ನಡುವಿನ ಮಾರಾಟಕ್ಕೆ ಗಿರಾಕಿಗಳಿಂದ ತೆರಿಗೆ ಪಡೆದಿರುವುದಿಲ್ಲ, ನಾವೇ ಕೈಯಿಂದ ಕಟ್ಟಬೇಕು. ಶೇ. 5ರ ದರವೆಂದರೂ 3 ಲಕ್ಷದ ಮಾರಾಟಕ್ಕೆ 15,000 ರೂಪಾಯಿ. ಮೇಲೆ ವರ್ಷಕ್ಕೆ ಶೇ. 18 ಬಡ್ಡಿ. ಅಂಗಡಿಯಲ್ಲಿದ್ದ ಹಳೆಯ ದಾಸ್ತಾನಿಗೆ ಸಿಗಬೇಕಾದ ಇನ್‌ಪುಟ್ ಕ್ರೆಡಿಟ್ ಕೂಡ ತಪ್ಪುತ್ತದೆ.

ಸಮಾಧಾನದ ಮಾತೂ ಇದೆ. ವಂಚನೆಯ ಉದ್ದೇಶವಿಲ್ಲದೆ ತಪ್ಪಾಗಿದ್ದು, ನೋಟಿಸ್ ಬರುವ ಮೊದಲೇ ತೆರಿಗೆ, ಬಡ್ಡಿ ಕಟ್ಟಿದರೆ ದಂಡದಿಂದ ಪಾರಾಗಲು ಕಾನೂನಿನಲ್ಲಿ ದಾರಿಯಿದೆ. 2025ರ ಜುಲೈಯಲ್ಲಿ ಯುಪಿಐ ಲೆಕ್ಕ ನೋಡಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದದ್ದು ನೆನಪಿರಬಹುದು. ಅದಕ್ಕಾಗಿ ಕಾಯಬಾರದು.

ವಿಷಯ ತಿಳಿದ ಅಬ್ಬ, "ಇದೂ ಒಂದು ಸಾಲವೇ, ಇಟ್ಟುಕೊಳ್ಳುವುದು ಬೇಡ" ಎಂದು ಮರುದಿನವೇ ತೆರಿಗೆ ಸಲಹೆಗಾರರ ಬಳಿ ಹೋದರು. ಈಗ ಪ್ರತಿ ತಿಂಗಳ ಕೊನೆಗೆ ಒಟ್ಟು ಮಾರಾಟ ಕೂಡಿಸುವ ಕೆಲಸ ನನ್ನದು. ನಿಮ್ಮ ಮನೆಯಲ್ಲೂ ಅಂಗಡಿಯಿದ್ದರೆ ಇಂದು ರಾತ್ರಿಯೇ ಕೂಡಿಸಿ ನೋಡಿ.