ಜಾಹೀರಾತಿನ ಚಿತ್ರಗಳೂ ಅವುಗಳ ಪ್ರಮಾಣವೂ

ಚಿತ್ರಕಲೆಗೆ ಆರು ಅಂಗಗಳೆಂದು ನಮ್ಮ ಪೂರ್ವಿಕರು ಎಣಿಸಿರುವರು. ವಾತ್ಸ್ಯಾಯನನ ಸೂತ್ರಗಳಿಗೆ ವ್ಯಾಖ್ಯಾನವನ್ನು ಬರೆದ ಯಶೋಧರನು ಅವುಗಳನ್ನು ಒಂದೇ ಶ್ಲೋಕದಲ್ಲಿ ಸಂಗ್ರಹಿಸಿ ಕೊಟ್ಟಿದ್ದಾನೆ. ಅವುಗಳಲ್ಲಿ ಮೊದಲನೆಯದು ರೂಪಭೇದ, ಎರಡನೆಯದೇ ಪ್ರಮಾಣ. ಭಾವ, ಲಾವಣ್ಯ, ಸಾದೃಶ್ಯ, ವರ್ಣಪ್ರಯೋಗ ಇವೆಲ್ಲವೂ ಪ್ರಮಾಣದ ತರುವಾಯ ಬರತಕ್ಕವು. ಪ್ರತಿಮೆಯನ್ನು ಕಡೆಯುವ ಶಿಲ್ಪಿಯೂ ಉಳಿಯನ್ನು ಕೈಗೆ ತೆಗೆದುಕೊಳ್ಳುವುದಕ್ಕೆ ಮುಂಚೆ ತಾಲಮಾನವನ್ನು ನಿಶ್ಚಯಿಸಿಕೊಳ್ಳುವನು. 12 ಅಂಗುಲದ ಮುಖವು ಒಂದು ತಾಲ. ನವತಾಲದ ಮೂರ್ತಿಗೆ 108 ಅಂಗುಲ. ಅಳತೆ ನಿಂತ ಮೇಲೆ ಕಲ್ಲು; ಕಲ್ಲು ನಿಂತ ಮೇಲೆ ಕಳೆ.

ಈ ಹಳೆಯ ಮಾತನ್ನು ಇಂದು ಗೃಹಸ್ಥರ ಮುಂದೆ ಏತಕ್ಕೆ ಎತ್ತಿದೆವೆಂದರೆ, ಈಗ ಮನೆಮನೆಯಲ್ಲಿಯೂ ಒಬ್ಬ ಚಿತ್ರಕಾರನು ಹುಟ್ಟಿಕೊಂಡಿರುವನು. ಉಪ್ಪಿನಕಾಯಿ ಹಾಕಿ ಮಾರುವವರು, ಹೊಲಿಗೆ ಕಲಿಸುವವರು, ಸಂಗೀತದ ಪಾಠ ಹೇಳುವವರು, ಹೂವಿನ ಗಿಡ ಬೆಳೆಸುವವರು, ಇವರೆಲ್ಲರೂ ತಮ್ಮ ಸರಕಿನ ಚಿತ್ರವನ್ನು ಕೈಫೋನಿನಲ್ಲಿಯೇ ರಚಿಸಿ, ವಾಟ್ಸ್‌ಆ್ಯಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೊದಲಾದ ಸಾಮಾಜಿಕ ಜಾಲತಾಣಗಳಲ್ಲಿ ಪ್ರಕಟಿಸುತ್ತಿರುವರು. ಇದು ಸಂತೋಷದ ವಿಷಯವೇ ಸರಿ. ಆದರೆ ಬಣ್ಣ, ಬಳ್ಳಿ, ಹೂವುಗಳಲ್ಲಿ ಇರುವ ಉತ್ಸಾಹವು ಪ್ರಮಾಣದಲ್ಲಿ ಇಲ್ಲದಿರುವುದರಿಂದ ಎಷ್ಟೋ ಶ್ರಮವು ವ್ಯರ್ಥವಾಗುತ್ತಿರುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ನಮ್ಮ ಬೀದಿಯ ಗೃಹಿಣಿಯೊಬ್ಬರು ಹಬ್ಬದ ದಿನಗಳಲ್ಲಿ ಚಕ್ಕುಲಿ, ಕೋಡುಬಳೆ, ರವೆಉಂಡೆಗಳನ್ನು ಮಾಡಿ ಮಾರುವರು. ಒಂದು ದೀಪಾವಳಿಗೆ ಸ್ವಸಹಾಯ ಸಂಘದಿಂದ ಸಾಲ ತೆಗೆದು ಎಣ್ಣೆ, ಹಿಟ್ಟುಗಳನ್ನು ತರಿಸಿ, ಅಚ್ಚುಕೂಟದಲ್ಲಿ ಒಂದು ಕರಪತ್ರವನ್ನು ಬರೆಯಿಸಿದರು. ಕರಪತ್ರವು ಅಂದವಾಗಿಯೇ ಇದ್ದಿತು: ತಲೆಯ ಮೇಲೆ ಅವರ ತಿಂಡಿಗಳ ಹೆಸರು, ನಡುವೆ ತಟ್ಟೆಯ ಚಿತ್ರ, ಅಡಿಯಲ್ಲಿ ಬೆಲೆ ಮತ್ತು ಫೋನಿನ ಸಂಖ್ಯೆ. ಅದೇ ಚಿತ್ರವನ್ನು ಮಗನು ಒಂದು ಜಾಲತಾಣದಲ್ಲಿಯೂ ಹಾಕಿದನು. ಹಾಕುವಾಗ ಚೌಕದ ಕಿಟಕಿಯೊಂದು ಕಾಣಿಸಿತಂತೆ. ಹುಡುಗನು ಆತುರದಲ್ಲಿ ಒಪ್ಪಿಗೆಯ ಗುಂಡಿಯನ್ನು ಒತ್ತಿಬಿಟ್ಟನು. ನೋಡಿದವರೆಲ್ಲರೂ ಮೆಚ್ಚುಗೆಯ ಗುರುತನ್ನು ಒತ್ತಿದರು. ಕರೆ ಮಾತ್ರ ಒಂದೂ ಬರಲಿಲ್ಲ. ಹಬ್ಬವು ಕಳೆದು ಎರಡು ವಾರಕ್ಕೆ ಮೂರು ಡಬ್ಬಿ ಚಕ್ಕುಲಿಗೆ ಕಮಟು ವಾಸನೆ ಬಂದಿತು. “ಮೇಷ್ಟ್ರೇ, ನನ್ನ ಕೈರುಚಿಯೇ ಜನಕ್ಕೆ ಬೇಡವಾಯಿತೇನೋ” ಎಂದು ಆಕೆ ನಮ್ಮ ಮನೆಯವರ ಮುಂದೆ ಕಣ್ಣೀರು ಹಾಕಿದಾಗ ನಾವು ಆ ಚಿತ್ರವನ್ನು ತರಿಸಿ ನೋಡಿದೆವು. ತಟ್ಟೆಯೊಂದಿತ್ತು. ಹೆಸರೂ ಇಲ್ಲ, ಬೆಲೆಯೂ ಇಲ್ಲ, ಸಂಖ್ಯೆಯೂ ಇಲ್ಲ!

ಇದರ ಕಾರಣವು ಕೇವಲ ಪಾಠಶಾಲೆಯ ಲೆಕ್ಕ. ಕರಪತ್ರದ ಹಾಳೆಯು ಎ4 ಎಂಬ ಅಳತೆಯದು. ಅದರ ಅಗಲ 210 ಮಿಲಿಮೀಟರು, ಎತ್ತರ 297. ಚೌಕಕ್ಕೆ ಅಗಲವೂ ಎತ್ತರವೂ ಒಂದೇ. ಆದುದರಿಂದ 210 ಅಗಲದ ಹಾಳೆಯನ್ನು ಚೌಕದ ಕಿಟಕಿಯಿಂದ ನೋಡಿದರೆ ಎತ್ತರದಲ್ಲಿ 210 ಮಾತ್ರ ಕಾಣುವುದು. ಮಿಕ್ಕ 87 ಮಿಲಿಮೀಟರು ಹೊರಗುಳಿಯುವುದು. ಅದರಲ್ಲಿ ಅರ್ಧ, ಎಂದರೆ 43.5, ತಲೆಯ ಕಡೆ. ಅಷ್ಟೇ ಕಾಲಿನ ಕಡೆ. ಹೆಸರು ಇದ್ದುದು ಮೇಲಿನ 43 ಮಿಲಿಮೀಟರಿನೊಳಗೆ, ಸಂಖ್ಯೆ ಇದ್ದುದು ಕೆಳಗಿನ 43ರೊಳಗೆ. ಜನರು ತಿಂಡಿಯನ್ನು ತಿರಸ್ಕರಿಸಲಿಲ್ಲ. ತಿಂಡಿಯು ಯಾರದೆಂಬುದೇ ಅವರಿಗೆ ತಿಳಿಯಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಹಣದ ವಿಷಯಕ್ಕೆ ಮಾತ್ರವೇ ನಾವು ಹೇಳುವುದುಂಟು. ಚಿತ್ರಕ್ಕೂ ಅದು ಸಲ್ಲುವುದು.

ಹಾಗಾದರೆ ಯಾವ ಹಾಸಿಗೆ ಎಷ್ಟುದ್ದ? ಇಲ್ಲಿ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ತಿಳಿಯತಕ್ಕದ್ದು. ಮೊದಲನೆಯದು ಅನುಪಾತ, ಎಂದರೆ ಅಗಲಕ್ಕೂ ಎತ್ತರಕ್ಕೂ ಇರುವ ಸಂಬಂಧ. ಎರಡನೆಯದು ಬಿಂದುಗಳ ಸಂಖ್ಯೆ. ಪರದೆಯ ಮೇಲಿನ ಚಿತ್ರವೆಲ್ಲವೂ ಪಿಕ್ಸೆಲ್ ಎಂದು ಕರೆಯಲ್ಪಡುವ ಸೂಕ್ಷ್ಮ ಬಿಂದುಗಳಿಂದ ಆದುದು, ರಂಗವಲ್ಲಿಯಲ್ಲಿ ಚುಕ್ಕಿಗಳಿದ್ದಂತೆ. ಅನುಪಾತ ತಪ್ಪಿದರೆ ಚಿತ್ರವು ಕತ್ತರಿಸಿ ಹೋಗುವುದು. ಬಿಂದುಗಳು ಸಾಲದೆಹೋದರೆ ಮಸುಕಾಗುವುದು. ಐದು ಚುಕ್ಕಿಯ ರಂಗವಲ್ಲಿಯನ್ನು ಅಂಗಳದಷ್ಟು ಹಿಗ್ಗಿಸಿದರೆ ಗೆರೆಗಳು ದೂರವಾಗುವುವೇ ಹೊರತು ಹೊಸ ಚುಕ್ಕಿಗಳು ಹುಟ್ಟಲಾರವು. ಆದಕಾರಣ ದೊಡ್ಡದನ್ನು ಚಿಕ್ಕದು ಮಾಡುವುದು ಸುಲಭ. ಚಿಕ್ಕದನ್ನು ದೊಡ್ಡದು ಮಾಡುವುದು ಹಾನಿಕರ.

ಇನ್‌ಸ್ಟಾಗ್ರಾಂ ಎಂಬುದರಲ್ಲಿ ಚಿತ್ರದ ಅಗಲವನ್ನು 1080 ಬಿಂದುಗಳೆಂದು ಇಟ್ಟುಕೊಳ್ಳುವುದು ರೂಢಿ. ಅದಕ್ಕಿಂತ ಅಗಲವಾದುದನ್ನು ಆ ಯಂತ್ರವೇ 1080ಕ್ಕೆ ಇಳಿಸುವುದು. ಚೌಕವಾದರೆ ಎತ್ತರವೂ 1080. ನಿಲುವಾದ ಚಿತ್ರಕ್ಕೆ 4ಕ್ಕೆ 5ರ ಅನುಪಾತದಂತೆ 1350. ಒಂದು ದಿನ ಮಾತ್ರ ಕಾಣಿಸಿಕೊಂಡು ಮರೆಯಾಗುವ ಚಿತ್ರಗಳಿಗೆ, ಎಂದರೆ ವಾಟ್ಸ್‌ಆ್ಯಪ್‌ನ ಸ್ಟೇಟಸ್ ಮೊದಲಾದುವಕ್ಕೆ, 9ಕ್ಕೆ 16ರ ಅನುಪಾತವು ತಕ್ಕುದು. 1080 ಅಗಲ, 1920 ಎತ್ತರ. ಆದರೆ ಇವು ಪರದೆಯನ್ನು ಪೂರ್ತಿಯಾಗಿ ತುಂಬುವುದರಿಂದ ಹಾಕಿದವರ ಹೆಸರು ಮೇಲೆಯೂ ಉತ್ತರ ಬರೆಯುವ ಪಟ್ಟಿ ಕೆಳಗೂ ಚಿತ್ರವನ್ನು ಮುಚ್ಚುವುವು. ಆದುದರಿಂದ ಮೇಲುಗಡೆ ಸುಮಾರು 250, ಕೆಳಗಡೆ ಸುಮಾರು 340 ಬಿಂದುಗಳಷ್ಟು ಜಾಗದಲ್ಲಿ ಅಕ್ಷರವನ್ನಿಡದೆ ಬಿಡುವುದು ಕ್ಷೇಮ. ಯೂಟ್ಯೂಬಿನಲ್ಲಿ ಚಲಚ್ಚಿತ್ರದ ಮುಖಪುಟವಾಗಿ ನಿಲ್ಲುವ ಚಿತ್ರಕ್ಕೆ 1280 ಅಗಲ, 720 ಎತ್ತರ. ಇದು ಅಡ್ಡವಾಗಿ 16ಕ್ಕೆ 9.

ಫೇಸ್‌ಬುಕ್ಕಿನ ಪುಟದ ತಲೆಬರಹದ ಚಿತ್ರವು ಸ್ವಲ್ಪ ಕಪಟಿಯಾದುದು. ಮೇಜಿನ ಗಣಕಯಂತ್ರದಲ್ಲಿ ಅದು 820 ಅಗಲ, 312 ಎತ್ತರವಾಗಿ ತೋರುವುದು. ಕೈಫೋನಿನಲ್ಲಿ 640 ಅಗಲ, 360 ಎತ್ತರ. ಒಂದೇ ಚಿತ್ರವು ಎರಡು ಕಡೆಯಲ್ಲಿಯೂ ನಿಲ್ಲಬೇಕಾದರೆ 820 ಅಗಲ, 360 ಎತ್ತರದ ಚಿತ್ರವನ್ನು ರಚಿಸಿ, ಮುಖ್ಯವಾದುದನ್ನೆಲ್ಲ ನಡುವಿನ 640 ಅಗಲ, 312 ಎತ್ತರದೊಳಗೆ ಇಡತಕ್ಕದ್ದು. ಪಕ್ಕಗಳಲ್ಲಿ 90 ಬಿಂದುಗಳೂ ಮೇಲೆ ಕೆಳಗೆ 24 ಬಿಂದುಗಳೂ ಹೋದರೂ ನಷ್ಟವಿಲ್ಲ.

ಇನ್ನು ಹೆಸರಿನ ಪಕ್ಕದಲ್ಲಿ ಕಾಣುವ ಚಿಕ್ಕ ಚಿತ್ರ. ಅದನ್ನು ಚೌಕವಾಗಿ ಕೊಟ್ಟರೂ ಯಂತ್ರವು ದುಂಡಾಗಿ ತೋರಿಸುವುದು. ಚೌಕದೊಳಗೆ ಹಿಡಿಯುವ ಅತಿ ದೊಡ್ಡ ವೃತ್ತವು ಆ ಚೌಕದ ನೂರರಲ್ಲಿ 78 ಪಾಲಿಗಿಂತ ಸ್ವಲ್ಪ ಹೆಚ್ಚನ್ನು ಮಾತ್ರ ಆಕ್ರಮಿಸುವುದು; ಮಿಕ್ಕ ಐದನೆಯ ಒಂದು ಪಾಲಿಗೂ ಮಿಗಿಲಾದುದು ನಾಲ್ಕು ಮೂಲೆಗಳಲ್ಲಿ ನಷ್ಟವಾಗುವುದು. ಅಂಗಡಿಯ ಹೆಸರನ್ನು ಮೂಲೆಯಿಂದ ಮೂಲೆಗೆ ಹಿಗ್ಗಿಸಿ ಬರೆದವರು, ಮೊದಲ ಅಕ್ಷರವೂ ಕೊನೆಯ ಅಕ್ಷರವೂ ಹೋಗಿ ಬೇರೊಂದು ಹೆಸರೇ ಆಗಿರುವುದನ್ನು ಕಂಡು ಬೆರಗಾಗುವರು.

ಅಕ್ಷರಗಳ ಗಾತ್ರವನ್ನು ಕುರಿತು ಕನ್ನಡಿಗರು ವಿಶೇಷವಾಗಿ ಯೋಚಿಸಬೇಕು. ನಮ್ಮ ಲಿಪಿಯಲ್ಲಿ ಅಕ್ಷರದ ಅಡಿಯಲ್ಲಿ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ‘ರಾಷ್ಟ್ರ’ ಎಂಬ ಒಂದು ಪದದಲ್ಲಿಯೇ ಮೂರು ವ್ಯಂಜನಗಳು ಒಂದರ ಕೆಳಗೊಂದು ಇಳಿಯುವುವು. ಸಾಧಾರಣವಾದ ಕೈಫೋನಿನ ಪರದೆಯ ಅಗಲವು 65ರಿಂದ 70 ಮಿಲಿಮೀಟರು. 1080 ಬಿಂದುಗಳು ಆ ಅಗಲದಲ್ಲಿ ಅಡಗಿದರೆ ಒಂದು ಮಿಲಿಮೀಟರಿಗೆ ಸುಮಾರು 16 ಬಿಂದುಗಳಾಗುವುವು. ಹಿರಿಯರ ಕಣ್ಣಿಗೆ ಕಾಣುವಂತೆ 3 ಮಿಲಿಮೀಟರಿನ ಅಕ್ಷರ ಬೇಕಾದರೆ 48 ಬಿಂದುಗಳಿಗೆ ಕಡಮೆಯಾಗದಂತೆ ಬರೆಯಬೇಕು. 210 ಮಿಲಿಮೀಟರಿನ ಕರಪತ್ರವು ಕೈಫೋನಿನಲ್ಲಿ ಮೂರನೆಯ ಒಂದು ಪಾಲಿಗೆ ಕುಗ್ಗುವುದು. ಕಾಗದದ ಮೇಲೆ ಸ್ಪಷ್ಟವಾಗಿದ್ದ 4 ಮಿಲಿಮೀಟರಿನ ಅಕ್ಷರವು ಅಲ್ಲಿ ಸಾಸಿವೆಕಾಳಿನಷ್ಟಾಗಿ, ಒತ್ತುಗಳೆಲ್ಲವೂ ಒಂದಕ್ಕೊಂದು ಅಂಟಿಕೊಳ್ಳುವುವು. ಸಾಲುಗಳ ನಡುವೆಯೂ ಒತ್ತಕ್ಷರಗಳು ಇಳಿಯುವಷ್ಟು ಎಡೆ ಬೇಕು. ಕರಪತ್ರದಲ್ಲಿ ಹತ್ತು ಸಾಲು ಬರೆಯುವಲ್ಲಿ ಇಲ್ಲಿ ಮೂರೇ ಸಾಲು ಸಾಕು: ಏನು, ಎಷ್ಟಕ್ಕೆ, ಯಾರನ್ನು ಕೇಳಬೇಕು.

ಚಿತ್ರವನ್ನು ಕೂಡಿಸಿಡುವ ರೀತಿಯಲ್ಲಿಯೂ ಒಂದು ಮರ್ಮವುಂಟು. 1992ರಲ್ಲಿ ನಿಶ್ಚಯವಾದ ಜೆಪೆಗ್ ಎಂಬ ಪದ್ಧತಿಯು ಚಿತ್ರವನ್ನು 8 ಬಿಂದು ಅಗಲ, 8 ಬಿಂದು ಎತ್ತರದ ಸಣ್ಣ ಮನೆಗಳನ್ನಾಗಿ ವಿಭಾಗಿಸಿ, ಕಣ್ಣಿಗೆ ಅಷ್ಟಾಗಿ ತೋರದ ಸೂಕ್ಷ್ಮಗಳನ್ನು ಬಿಟ್ಟು ಗಾತ್ರವನ್ನು ಇಳಿಸುವುದು. ಇದಕ್ಕೆ ಆಧಾರವಾದ ಗಣಿತವನ್ನು ಟಿ. ನಟರಾಜನ್, ಕೆ. ಆರ್. ರಾವ್ ಎಂಬವರೊಡನೆ 1974ರ ಜನವರಿಯಲ್ಲಿ ಪ್ರಕಟಿಸಿದ ನಾಸಿರ್ ಅಹ್ಮದರು ನಮ್ಮ ಬೆಂಗಳೂರಿನಲ್ಲಿಯೇ 1940ರಲ್ಲಿ ಜನಿಸಿದವರು. ಅಲ್ಲಿಯ, ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕಾ ದೇಶಕ್ಕೆ ಹೋದವರು. ನಾವು ದಿನವೂ ಕಳುಹಿಸುವ ಅಸಂಖ್ಯ ಚಿತ್ರಗಳ ಹಿಂದೆ ನಮ್ಮ ನಾಡಿನವರೊಬ್ಬರ ಬುದ್ಧಿಯಿದೆಯೆಂಬುದು ಹೆಮ್ಮೆಯ ಸಂಗತಿಯಲ್ಲವೇ?

ಈ ಪದ್ಧತಿಯು ಮುಖ, ಮರ, ಆಕಾಶ, ತಿಂಡಿಯ ತಟ್ಟೆ ಇವುಗಳಿಗೆ ಬಹಳ ಚೆನ್ನಾಗಿ ಒಪ್ಪುವುದು. ಅಕ್ಷರದ ಅಂಚಿಗೆ ಮಾತ್ರ ಒಗ್ಗದು. ಅಂಚಿನ ಸುತ್ತಲೂ ಧೂಳು ಹಿಡಿದಂತೆ ತೋರುವುದು. ಅಕ್ಷರಗಳೇ ಹೆಚ್ಚಾಗಿರುವ ಚಿತ್ರವನ್ನು ಏನನ್ನೂ ಬಿಡದೆ ಕೂಡಿಸಿಡುವ ಪಿಎನ್‌ಜಿ ಎಂಬ ಪದ್ಧತಿಯಲ್ಲಿ ಇಡುವುದು ಮೇಲು. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವಾಗಲೂ ಚಿತ್ರವು ಕುಗ್ಗುವುದುಂಟು. 2023ರ ಆಗಸ್ಟಿನಿಂದ ಎಚ್‌ಡಿ ಎಂಬ ಗುಂಡಿಯನ್ನು ಅಲ್ಲಿ ಒದಗಿಸಿದ್ದಾರೆ. ಅದನ್ನು ಒತ್ತಿ ಕಳುಹಿಸಬಹುದು. ಇಲ್ಲವೇ ದಸ್ತಾವೇಜಿನ ರೂಪದಲ್ಲಿ ಕಳುಹಿಸಿದರೆ ಮೂಲವು ಮೂಲದಂತೆಯೇ ತಲುಪುವುದು. ಪರದೆಯ ಪ್ರತಿಬಿಂಬವನ್ನು ಹಿಡಿದು, ಅದನ್ನೇ ಮತ್ತೆ ಹಾಕಿ, ಅದರ ಪ್ರತಿಬಿಂಬವನ್ನು ಇನ್ನೊಬ್ಬರು ಹಿಡಿದು ಹಾಕಿದರೆ, ನಕಲಿನ ನಕಲಿನಲ್ಲಿ ತಾಳೆಯೋಲೆಯ ಪಾಠವು ಕೆಡುವಂತೆ ಚಿತ್ರವೂ ಕೆಡುವುದು.

ಇಷ್ಟನ್ನೆಲ್ಲ ಬರೆದಿಟ್ಟುಕೊಂಡರೆ ಸಾಕೇ ಎಂದು ವಾಚಕರು ಕೇಳಬಹುದು. ಸಾಲದು. ಈ ಹಾಸಿಗೆಗಳನ್ನು ಅವುಗಳ ಯಜಮಾನರು ಆಗಾಗ ಬದಲಾಯಿಸುತ್ತಿರುವರು. 2010ರಲ್ಲಿ ಆರಂಭವಾದ ಇನ್‌ಸ್ಟಾಗ್ರಾಂ ಐದು ವರ್ಷ ಚೌಕದ ಚಿತ್ರಗಳಿಗೆ ಮಾತ್ರ ಎಡೆಗೊಟ್ಟಿತು. 2015ರ ಆಗಸ್ಟಿನಲ್ಲಿ ನಿಲುವಾದುವನ್ನೂ ಅಡ್ಡವಾದುವನ್ನೂ ಒಪ್ಪಿತು. 2025ರ ಜನವರಿಯಲ್ಲಿ ಪ್ರತಿಯೊಬ್ಬರ ಪುಟದಲ್ಲಿಯೂ ಸಾಲಾಗಿ ನಿಲ್ಲುವ ಚೌಕಗಳನ್ನು ತೆಗೆದು 3ಕ್ಕೆ 4ರ ನಿಲುವಿನ ಮನೆಗಳನ್ನು ಮಾಡಿತು. ಅದುವರೆಗೆ ಚೌಕವನ್ನೇ ನಂಬಿ ರಚಿಸಿದವರ ಚಿತ್ರಗಳಿಗೆ ಆ ಸಾಲಿನಲ್ಲಿ 1080ರಲ್ಲಿ 810 ಬಿಂದುಗಳ ಅಗಲ ಮಾತ್ರ ಉಳಿದು, ಎಡಬಲಗಳಲ್ಲಿ 135ರಂತೆ ಮರೆಯಾಯಿತು. ಅಂಚಿನಲ್ಲಿ ಅಕ್ಷರವಿಟ್ಟವರು ಕೆಟ್ಟರು. ನಡುವೆ ಇಟ್ಟವರು ಬದುಕಿದರು. ಆದುದರಿಂದ ಅಂಕಿಗಳು ಬದಲಾದರೂ ಬದಲಾಗದ ಸೂತ್ರ ಒಂದೇ: ಮುಖ್ಯವಾದುದು ಗರ್ಭಗುಡಿಯಲ್ಲಿರಲಿ, ಅಲಂಕಾರವು ಪ್ರಾಕಾರದಲ್ಲಿರಲಿ. ಪ್ರಾಕಾರದ ಗೋಡೆ ಬಿದ್ದರೂ ದೇವರಿಗೆ ಊನವಿಲ್ಲ. ಮತ್ತು ಹಾಕಿದ ಕೂಡಲೇ ಬೇರೊಬ್ಬರ ಕೈಫೋನಿನಲ್ಲಿ ಅದನ್ನೊಮ್ಮೆ ನೋಡತಕ್ಕದ್ದು. ನಮ್ಮ ಹುಡುಗನು ಅಷ್ಟನ್ನು ಮಾಡಿದ್ದರೆ ಡಬ್ಬಿಗಳು ಉಳಿಯುತ್ತಿರಲಿಲ್ಲ.

ಆ ಗೃಹಿಣಿಯ ವೃತ್ತಾಂತವನ್ನು ಮುಗಿಸದೆ ಬಿಡುವುದು ನ್ಯಾಯವಲ್ಲ. ಮುಂದಿನ ಯುಗಾದಿಗೆ ಒಬ್ಬಟ್ಟಿನ ಚಿತ್ರವನ್ನು ರಚಿಸುವಾಗ ತಾಯಿ ಮಕ್ಕಳು ನಮ್ಮ ಜಗಲಿಯ ಮೇಲೆ ಕುಳಿತರು. ಹುಡುಗನು ಒಂದು ಕಾಗದದ ಮೇಲೆ ಚೌಕವನ್ನೂ, ಅದರ ಮೇಲೆ 4ಕ್ಕೆ 5ರ ಮನೆಯನ್ನೂ, 3ಕ್ಕೆ 4ರ ಮನೆಯನ್ನೂ ಒಂದೇ ಕೇಂದ್ರವಿಟ್ಟು ಎಳೆದನು. ಎಲ್ಲಕ್ಕೂ ಸಮಾನವಾಗಿ ಸೇರಿದ ನಡುವಿನ ಜಾಗದಲ್ಲಿ ಮೂರೇ ಸಾಲುಗಳನ್ನು ಬರೆದರು. ಬಳ್ಳಿಯ ಚಿತ್ತಾರವನ್ನು ಬಿಡಬೇಕಾದಾಗ ತಾಯಿಗೆ ಸ್ವಲ್ಪ ಬೇಸರವಾಯಿತು. ಸಂಖ್ಯೆಯು ದಪ್ಪವಾಗಿ ಕಂಡಾಗ ಆ ಬೇಸರವು ಹೋಯಿತು. ಆ ಹಬ್ಬಕ್ಕೆ ಕರೆಗಳು ಬಂದುವು. ಸಂಘದ ಸಾಲವು ಈಗ ತೀರಿದೆ.

ಅದಕ್ಕೆ ಅಳತೆಯೊಂದೇ ಕಾರಣವೆಂದು ನಾವು ಹೇಳಲಾರೆವು. ಒಬ್ಬಟ್ಟು ಮೃದುವಾಗಿರದಿದ್ದರೆ ಎರಡನೆಯ ಕರೆ ಬರುತ್ತಿರಲಿಲ್ಲ. ಆದರೆ ಮೊದಲನೆಯ ಕರೆ ಬರುವುದಕ್ಕೆ ಬಾಗಿಲಾದರೂ ತೆರೆದಿರಬೇಕಷ್ಟೆ. ಪ್ರಮಾಣವು ಆ ಬಾಗಿಲು. ಗುಣವು ಒಳಗಿನ ಮನೆ. ಎರಡನ್ನೂ ಕಾಪಾಡಿಕೊಳ್ಳುವ ಗೃಹಸ್ಥರಿಗೆ ಶುಭವಾಗಲಿ.